ಒಂದು ಸೈಜು ದೊಡ್ಡದು

ಟೊಲೀಡೊ. ಆಗಸ್ಟ್ ಕೊನೆಯ ಶನಿವಾರ.
ಚರ್ಚಿನ ನೆಲಮಾಳಿಗೆಯಲ್ಲಿ ಮಡಚುವ ಮೇಜುಗಳು,
ಹೊಸ ಚೀಲಗಳ ರಬ್ಬರು ವಾಸನೆ.

ಒಡೆಸ್ಸಾ ಮಂಡಿಯೂರಿ ಟೆವಿನ್‌ನ ಪಾದ ಅಳೆಯುತ್ತಿದ್ದಳು.
ಒಂದು ಸೈಜು ದೊಡ್ಡದೇ ಇರಲಿ, ಅಂದ,
ಯಜಮಾನನ ಗತ್ತಿನಲ್ಲಿ.
ಕಾಲು ಬೆಳೆಯೋದು ರಾತ್ರಿ ಹೊತ್ತಂತೆ,
ಚಾಚೋಕೆ ಜಾಗ ಇಲ್ಲದಿದ್ರೂ.

ಪೆನ್ಸಿಲ್ ಹನ್ನೆರಡು. ಅಂಟು.
ಕತ್ತರಿ, ಮೊಂಡು ಮೂತಿಯದು.
ಕ್ರೇಯಾನ್ ಪೆಟ್ಟಿಗೆ ತೆರೆದ, ಮೂಸಿದ,
ಒಂದನ್ನೂ ಮುಟ್ಟದೆ ಮುಚ್ಚಿದ.

ಫಾರಂ ಮಾತ್ರ ಉಳಿದಿತ್ತು.
ಹೆಸರು. ತರಗತಿ. ವಿಳಾಸ?
ಅಮ್ಮ ಗೋಡೆ ನೋಡಿದಳು.
ಹುಡುಗ, ಮಗ್ಗಿ ಒಪ್ಪಿಸುವಂತೆ,
ಅವರ ಕಾರಿನ ನಂಬರು ಹೇಳಿದ
ಒಂದಕ್ಷರ ತಪ್ಪದೆ.

ಒಡೆಸ್ಸಾ ಬರೆದುಕೊಂಡಳು.
ಆಮೇಲೆ ಕೇಳಿದಳು:
ಬೆಳಗ್ಗೆ ಸ್ಕೂಲ್ ಬಸ್ಸು
ಎಲ್ಲಿ ನಿಲ್ಲಬೇಕಪ್ಪಾ?