ಸರ್ವಾನುಮತ

ನಾನು ನೀರಗಂಟಿ. ವಾಲ್ವ್ ತಿರುವೋದು ನನ್ನ ಕೆಲಸ.
ಗ್ರಾಮಸಭೆ ಆದ ಮರುದಿನ ಮಾತ್ರ
ನಡಾವಳಿ ಪುಸ್ತಕ ಬಗಲಲ್ಲಿ, ಶಾಯಿಪ್ಯಾಡು ಜೇಬಲ್ಲಿ,
ಮನೆ ಮನೆ ತಿರುಗುತ್ತೇನೆ.
ಸಭೆ ಆಯಿತು ಎಂದೆನಲ್ಲ,
ಆದದ್ದು ಬರೇ ಪುಸ್ತಕದಲ್ಲಿ.

ರೊಟ್ಟಿ ಬಡಿಯುವವರು ಹಿಟ್ಟಿನ ಕೈ ಸೀರೆಗೆ ಒರೆಸಿ ಒತ್ತುತ್ತಾರೆ,
ಭತ್ತದ ನಾಟಿಗೆ ಹೊರಟವರು ಟಂಟಂ ಹತ್ತುತ್ತಲೇ ಒತ್ತುತ್ತಾರೆ,
ಗ್ಯಾನಪ್ಪ ನಿದ್ದೆಗಣ್ಣಲ್ಲೇ ಒತ್ತಿ ಮತ್ತೆ ಮಗ್ಗುಲಾಗುತ್ತಾನೆ.
ಊರಿಗೆ ಊರೇ ಒಪ್ಪಿದಂತೆ
ಹಾಳೆ ತುಂಬ ನೀಲಿ ಸುಳಿಗಳು.

ಅಗಸಿ ಹಿಂದಿನ ಓಣಿಯಲ್ಲಿ ಹುಸೇನಮ್ಮ
ಚಾಚಿದ ಬೆರಳು ಹಿಂದಕ್ಕೆ ತಗೊಂಡಳು.
"ಓದು."
ಏನನ್ನ?
"ನನ್ನ ಹೆಬ್ಬೆಟ್ಟಿನ ಮ್ಯಾಲೆ ಏನೈತೋ ಅದನ್ನ."

ಹನ್ನೊಂದು ವರ್ಷದಲ್ಲಿ ಯಾರೂ ಓದಿಸಿರಲಿಲ್ಲ.
ಓದಿದೆ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ:
ವಿಷಯ ಮೂರು. ಸದರಿ ಓಣಿಯ ಚರಂಡಿ ಕಾಮಗಾರಿ
ಪೂರ್ಣಗೊಂಡಿದೆ. ಬಿಲ್ ಪಾವತಿಗೆ ಸಭೆಯು
ಸರ್ವಾನುಮತದಿಂದ ಅನುಮೋದಿಸಿದೆ.

ಅವಳು ನನ್ನ ಕಾಲ ಕಡೆ ನೋಡಿದಳು.
ನಾನೂ ನೋಡಿದೆ.
ಪಾದ ಮುಳುಗುವಷ್ಟು ಕರಿನೀರಲ್ಲಿ ನಿಂತಿದ್ದೆ.
ಮುಂಜಾನೆ ನಾನೇ ಬಿಟ್ಟ ನಲ್ಲಿ ನೀರು
ಬಚ್ಚಲಾಗಿ ನನ್ನ ಹತ್ತಿರವೇ ವಾಪಸು ಬಂದದ್ದು.

"ಸರ್ವಾನುಮತ ಅಂದ್ರ?"
ಎಲ್ಲಾರೂ ಹೂಂ ಅಂದಂಗ, ಯವ್ವಾ.
"ನಾ ಯಾವಾಗ ಅಂದೆ?"

ಇದಕ್ಕೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಮುಂದಿನ ಸಭೆಗೆ ಡಂಗುರ ಸಾರಬೇಕಾದವನೂ ನಾನೇ.
ಈ ಸಲ ನಿಜಕ್ಕೂ ಸಾರಿದೆ, ಒಂದು ಓಣಿ ಬಿಡದೆ.
ಯಾಕೋ, ಈಗಲೂ ಗೊತ್ತಿಲ್ಲ.
ಶಾಲೆ ಕಟ್ಟೆಯ ಮೇಲೆ ನಲವತ್ತಾರು ಮಂದಿ. ಎಣಿಸಿದ್ದೇನೆ.
ಚೆಂದದ ಸಭೆ ಅಂತ ಹೇಳಲಾರೆ:
ಚರಂಡಿ ಬಿಟ್ಟು ಬೀದಿದೀಪಕ್ಕೆ ಜಗಳ ಬಿತ್ತು,
ದೀಪ ಬಿಟ್ಟು ಯಾರದೋ ಎಮ್ಮೆಗೆ.
ಪಿಡಿಒ ಸಾಹೇಬರು ಎರಡು ಸಲ ಗಡಿಯಾರ ನೋಡಿಕೊಂಡರು.
ಹುಸೇನಮ್ಮ ಎದ್ದು ನಿಂತು ಮಾತು ಮರೆತಳು,
ಕೂತಳು, ಮತ್ತೆ ಎದ್ದಳು.
"ಹೋದ ಸಲದ್ದು ಓದ್ರಿ" ಅಂದಳು, ಅಷ್ಟೇ.

ಓದಿದರು.
ಮೊದಲು ಕೆಲವರು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಚರಂಡಿಯ ಅಂದಾಜುಪಟ್ಟಿ
ಮಸ್ಕಿಯಲ್ಲೋ ರಾಯಚೂರಲ್ಲೋ ಯಾವುದೋ ಮೇಜಿನ ಮೇಲಿದೆ.
ಕಪ್ಪೆಗಳು ಇನ್ನೂ ಆ ಓಣಿಯಲ್ಲೇ ಇವೆ.
ಆದರೆ 'ಪೂರ್ಣಗೊಂಡಿದೆ' ಎಂಬುದರ ಮೇಲೆ
ಗೆರೆ ಎಳೆದು, ಪಕ್ಕದಲ್ಲಿ ಸಹಿ ಸಮೇತ ಬರೆದಿದ್ದಾರೆ:
ಆಗಿಲ್ಲ.
ಇಡೀ ಪುಸ್ತಕದಲ್ಲಿ ನಾನು ನಂಬುವುದು
ಸದ್ಯಕ್ಕೆ ಅದೊಂದೇ ಮಾತನ್ನ.

ಈಗ ಯಾವ ಕಾಗದ ಒಯ್ದರೂ
ಬೆರಳಿಗಿಂತ ಮುಂಚೆ ಬಾಯಿ ಬರುತ್ತದೆ: "ಓದು."
ನನಗೋ ಸಣ್ಣಕ್ಷರ ಕಾಣುವುದಿಲ್ಲ.
ನೀರಗಂಟಿಗೊಂದು ಕನ್ನಡಕ, ವಿಷಯ ಏಳು,
ಬರೆದುಕೊಳ್ಳಿ ಎಂದಿದ್ದೇನೆ.
ಗ್ಯಾನಪ್ಪ ವಿರೋಧಿಸುತ್ತಾನಂತೆ.
ವಿರೋಧಿಸಲಿ. ಬರಲಿ ಸಭೆಗೆ.