ಕುಡೀಲಿ ಬುಡಿ

ಸಾಗರಕಟ್ಟೆಯ ಹಿನ್ನೀರಿಗೆ ಒಂದು ಕೂಗಳತೆ,
ಮುಚ್ಚಿದ ಅಕ್ಕಿಗಿರಣಿಯ ಹಿಂದಿನ ಶೆಡ್ಡಿನಲ್ಲಿ
ಹತ್ತೊಂಬತ್ತು ವರ್ಷ ಮಗ್ಗುಲಾಗಿ ಮಲಗಿತ್ತು
ನಮ್ಮ ಮನೆಯ ಮರದ ಲಾಂಚು.
ಕ್ಯಾಬಿನ್ನಿನೊಳಗೆ ಯಾರದೋ ಕೋಳಿ ಕಾವಿಗೆ ಕೂತಿತ್ತು.
ಅದು ಮರಿ ಮಾಡಿಕೊಂಡು ಏಳಲಿ ಅಂದರು ಕಾಳಾಚಾರಿ,
ಉಳಿ ಮತ್ತೆ ಚೀಲಕ್ಕೆ ಹೋಯಿತು.
ಇಪ್ಪತ್ತು ದಿನ ಹಾಗೇ ಕಳೆದವು.

ಅಣ್ಣ ಇದನ್ನು ಹರಾಜಿನಲ್ಲಿ ಹಿಡಿದದ್ದು,
ಶಿವರಾಂಪೇಟೆಯ ಪ್ರೆಸ್ಸಿಗೆ ಹೊಸ ಯಂತ್ರ ಕೊಳ್ಳಲಿಟ್ಟ ದುಡ್ಡಿನಲ್ಲಿ.
ಕೆರೆದಷ್ಟೂ ಬಣ್ಣ:
ಮೇಲೆ ಹಸಿರು, ಹಸಿರಿನಡಿ ನೀಲಿ,
ಅದರಡಿ ಪ್ರೆಸ್ಸಿನ ಬಾಗಿಲಿಗೆ ಬಳಿದು ಮಿಕ್ಕ ಕಾಫಿ ಬಣ್ಣ,
ತಳದಲ್ಲಿ ಇಲಾಖೆಯ ಬೂದಿ, ಬೂದಿಯ ಮೇಲೆ ಏಳು ಎಂಬ ನಂಬರು.
ಹೆಸರಿರಲಿಲ್ಲ. ನಾವೂ ಇಟ್ಟಿರಲಿಲ್ಲ.

ಆಚಾರಿ ದೋಣಿ ಮಾಡಿದವರಲ್ಲ,
ಗಾಡಿಯ ಚಕ್ರ, ಬಾಗಿಲವಾಡ, ಒಮ್ಮೆ ಒಂದು ತೊಟ್ಟಿಲು.
ತೆಂಗಿನಕಾಯಿ ಕೊಳ್ಳುವವರ ಹಾಗೆ
ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು,
ಇದು ಅದೆ, ಇದು ಇಲ್ಲ, ಎನ್ನುತ್ತ
ಹನ್ನೊಂದು ಹಲಗೆಗೆ ಸೀಮೆಸುಣ್ಣದ ಗುರುತು ಹಾಕಿದರು.
ಮದುವೆಮನೆಯ ಇಡ್ಲಿ ಹಂಡೆಗೆ ಪೈಪು ಜೋಡಿಸಿ
ತೇಗಕ್ಕೆ ಹಬೆ ಕೊಟ್ಟೆವು.
ಬೆಂದ ಮರ, ಬಿಸಿಯಿರುವಾಗಲೇ ಒತ್ತಿದರೆ,
ಮುನಿಸು ಬಿಟ್ಟ ಕೂಸಿನಂತೆ ಬಾಗಿತು.
ತಾಮ್ರದ ಮೊಳೆ, ಹತ್ತಿಯ ಎಳೆ, ರಾಳ, ಹೊಂಗೆ ಎಣ್ಣೆ.
ಈ ದುಡ್ಡಿಗೆ ಫೈಬರಿನ ಹೊಸದೇ ಬರುತ್ತಿತ್ತಲ್ಲ, ಅಂದ ತಮ್ಮ ಮುಕುಂದ.
ಬರುತ್ತಿತ್ತು.

ಹಿಂದಿನ ಸೀಟು ಬಿಚ್ಚಿದ ದಿನ
ಗೆದ್ದಲು ಅಂದುಕೊಂಡೆ.
ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿದರೆ ಗೆರೆಗಳು.
ನಾಲ್ಕು ನಿಂತವು, ಒಂದು ಅಡ್ಡ. ನಾಲ್ಕು ನಿಂತವು, ಒಂದು ಅಡ್ಡ.
ನಡುನಡುವೆ, ರಂಗೋಲಿಯ ಕೈ ಬಿಡದ ಹಾಗೆ,
ಒಂದೊಂದು ಚುಕ್ಕಿ.
ಚುಕ್ಕಿಯಿಂದ ಚುಕ್ಕಿಗೆ ಒಂದು ಭಾನುವಾರ.
ಒಂದರಲ್ಲಿ ಅರವತ್ತು, ಇನ್ನೊಂದರಲ್ಲಿ ತೊಂಬತ್ತನಾಲ್ಕು.

ಒಂದು ಹನಿ ನೀರು ಒಳಗೆ ಬಂದದ್ದಿಲ್ಲ ನನ್ನ ಲಾಂಚಿಗೆ,
ಅಣ್ಣ ಕೊನೆಯವರೆಗೂ ಹೇಳುತ್ತಿದ್ದರು.
ಸುಳ್ಳಲ್ಲ; ಅವರು ಮುಂದೆ, ಚಕ್ರ ಹಿಡಿದು,
ನಮ್ಮ ಕಡೆಗೆ ಬೆನ್ನು.
ಅಮ್ಮ ಹಿಂದೆ. ಎಲ್ಲ ಫೋಟೋದಲ್ಲೂ
ತಲೆ ತಗ್ಗಿಸಿಯೇ ಕೂತಿದ್ದಾಳೆ.
ನೀರೆಂದರೆ ಭಯ ಅವಳಿಗೆ, ಅನ್ನುತ್ತಿದ್ದೆವು.
ಅವಳ ಕಾಲ ಬಳಿ ಸದಾ ಇದ್ದ ಡಾಲ್ಡಾ ಡಬ್ಬ
ಬುತ್ತಿಯದೆಂದು ನಂಬಿದ್ದೆವು,
ಅದರಿಂದ ಯಾವತ್ತೂ ಏನೂ ತಿನ್ನದಿದ್ದರೂ.

ವಾರ್ನಿಷ್ ಬಳಿಯುವಾಗ ಆ ಹಲಗೆ ಬಿಟ್ಟೆ.
ಆಚಾರಿ ನೋಡಿದರು, ಕೇಳಲಿಲ್ಲ.

ಬಾಳೆದಿಂಡಿನ ಮೇಲೆ ಎಂಟು ಜನ ಜಾರಿಸಿದರು.
ಇಳಿದ ಗಳಿಗೆಗೇ ನೀರು ಒಳಗೆ,
ಸಂದುಸಂದಿನಿಂದ, ಸದ್ದಿಲ್ಲದೆ.
ಮುಳುಗ್ತಿದೆ, ಎಳೀರಿ ಅಂತ ಕಿರುಚಿದೆ.
ದಡದಲ್ಲಿ ಕೂತು ಬೀಡಿ ಹಚ್ಚಿದರು ಆಚಾರಿ:
ಕುಡೀಲಿ ಬುಡಿ ಅವ್ವಾ.
ಒಣಗಿದ್ ಮರ, ಎಷ್ಟ್ ವರ್ಸದ ದಾವೋ ಏನೋ.
ಹೊಟ್ಟೆ ತುಂಬುದ್ರೆ ತಾನೇ ಬಾಯ್ ಮುಚ್ಕತದೆ.

ಮೊದಲ ರಾತ್ರಿ ಸೀಟಿನವರೆಗೆ ಮುಳುಗಿ ನಿಂತಿತು,
ಹಗ್ಗದ ತುದಿಯಲ್ಲಿ, ಎಮ್ಮೆಯ ಹಾಗೆ.
ಎರಡನೆಯ ದಿನ ಮೊಣಕಾಲು.
ಮೂರನೆಯ ರಾತ್ರಿ ಸೇತುವೆಯ ಮೇಲೆ ರೈಲು ದಾಟಿತು,
ಅದರ ಬೆಳಕಿನ ಚೌಕಗಳು ನೀರಿನಲ್ಲಿ ಕದಲಿ ಹೋದ ಮೇಲೆ
ಕಿವಿಗೊಟ್ಟೆ: ಎಲ್ಲೋ ಒಂದೇ ಕಡೆ, ತೊಟ್ಟು. ತಡೆದು, ತೊಟ್ಟು.
ಊದಿದ ಹಲಗೆಗಳು ಒಂದನ್ನೊಂದು ಅಮುಕಿ
ಸಣ್ಣಗೆ ನರಳುತ್ತಿದ್ದವು.

ಅಮ್ಮನ ಜಾಗದಲ್ಲಿ ಕೂತು ಮೊಗೆದು ಚೆಲ್ಲಿದೆ.
ಗೆರೆ ಹಾಕಲು ಕೈ ತಾನಾಗಿ ತಲೆಗೆ ಹೋಯಿತು, ಪಿನ್ನಿಗೆ.
ಕ್ರಾಪು ಮಾಡಿಸಿ ಎರಡು ವರ್ಷ,
ತಲೆಯಲ್ಲಿ ಏನಿದೆ.
ಬಾಯಲ್ಲೇ ಎಣಿಸಿದೆ, ಜೋರಾಗಿ, ಕತ್ತಲಿಗೆ ಕೇಳುವ ಹಾಗೆ.
ಮೂವತ್ತೆಂಟು.