ಗೇಣು ದೂರ

ಹಂಪನಕಟ್ಟೆಯ ಆ ಅಂಗಡಿಯಲ್ಲಿ ಎಸಿ ಜೋರು.
ಟೇಪು ಹಿಡಿದ ಹುಡುಗ ಗೋಡೆಗಾನಿಸಿ ತೋರಿಸಿದ:
"ಒಂಬತ್ತೇ ಇಂಚು ಮೇಡಂ, ಇಷ್ಟು ಜಾಗ ಸಾಕು,
ನೂರು ಇಂಚಿನ ಚಿತ್ರ."
ನಾನು ಅಲ್ಲಿ ಕೈ ಬಿಚ್ಚಿಟ್ಟೆ.
ಹೆಬ್ಬೆರಳಿಂದ ಕಿರುಬೆರಳ ತುದಿಗೆ ಸರಿಯಾಗಿ ಒಂದು ಗೇಣು.
ಇಪ್ಪತ್ತಾರು ವರ್ಷ ರವಿಕೆ ಹೊಲಿದ ಕೈ,
ಟೇಪಿಗಿಂತ ಮೊದಲು ಇದಕ್ಕೆ ಗೊತ್ತಾಗುತ್ತದೆ.

ನೊರ್ಬರ್ಟ್ ದರದ ಚೀಟಿ ನೋಡಿದ,
ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.
ಸೊನ್ನೆ ಕಡಿಮೆಯಾಗಲಿಲ್ಲ.

ಟಿವಿಯೇ ಕೊಳ್ಳುವವರಿದ್ದೆವು. ಅಷ್ಟು ದೊಡ್ಡದು
ನಮ್ಮ ಮೆಟ್ಟಿಲ ತಿರುವಿನಲ್ಲಿ ತಿರುಗುವುದಿಲ್ಲ.
ಅತ್ತೆಯ ಪೆಟ್ಟಿಗೆಯನ್ನೇ ಆ ದಿನ
ಓರೆ ಮಾಡಿ ಇಳಿಸಿದ್ದು.
ಹಿಂದಿನಿಂದ ಬೆಳಕು ಬಿಡುವ ಹಳೆಯ ತರದ್ದು ಬೇಡವೆಂದೆ:
ನಮ್ಮಲ್ಲಿ ಯಾರೂ ಕೂತಲ್ಲಿ ಕೂರುವವರಲ್ಲ,
ಒಬ್ಬರು ನೀರಿಗೆ, ಒಬ್ಬರು ಫೋನಿಗೆ, ನಾಯಿ ಸುಮ್ಮನೆ.
ನಾಯಕಿಯ ಮುಖದ ಮೇಲೆ ಬಾಲ ಬಂದರೆ ಹೇಗೆ?
ಇದಕ್ಕೆ ಆ ಉಪದ್ರ ಇಲ್ಲವಂತೆ.
ಗೋಡೆಯ ಬುಡದಲ್ಲೇ ಕೂತು
ಮೇಲಕ್ಕೆ ಬಣ್ಣ ಉಗುಳುತ್ತದೆ.

"ಪರದೆ?" ಅಂದ ಹುಡುಗ.
ಅದಕ್ಕೆ ಬೇರೆಯೇ ಅರುವತ್ತು ಸಾವಿರ.
ನೊರ್ಬರ್ಟ್ ನನ್ನನ್ನು ನೋಡಿದ. ನಾನು ಫ್ಯಾನು ನೋಡಿದೆ.
"ಗೋಡೆ ಉಂಟಲ್ಲ," ಅಂದೆವು ಇಬ್ಬರೂ ಒಟ್ಟಿಗೆ,
ಮದುವೆಯಾಗಿ ಇಷ್ಟು ವರ್ಷದಲ್ಲಿ ಎರಡನೇ ಸಲ.
ಹುಡುಗ ಏನೋ ಹೇಳಲು ಬಾಯಿ ತೆರೆದ,
ಮತ್ತೆ ಬಿಲ್ಲು ಬರೆದ.

ಕುಲಶೇಖರದ ಮನೆ. ಅಲ್ತಾರಿನ ಗೋಡೆ ಮುಟ್ಟುವ ಹಾಗಿಲ್ಲ,
ಪಕ್ಕದ್ದರಿಂದ ಕ್ಯಾಲೆಂಡರು, ಗಡಿಯಾರ, ಮೊಳೆ ಕಿತ್ತು
ಎರಡು ಸಲ ಬಿಳಿ ಬಳಿದದ್ದಾಯಿತು.
ಯಂತ್ರ ಕೂದಲೆಳೆ ಸರಿದರೆ ಚಿತ್ರ ಅಂಗೈಯಗಲ ವಾಲುತ್ತದೆ.
ಯಾರದೋ ಹಳೆ ಲಗ್ನಪತ್ರಿಕೆ ಮಡಚಿ ಮಡಚಿ
ಅದರ ಕಾಲಿಗಿಡುತ್ತ
ಸಂಜೆಯವರೆಗೆ ಬಗ್ಗಿಯೇ ಇದ್ದ ನೊರ್ಬರ್ಟ್.

ಆಮೇಲೆ ದೀಪ ಆರಿಸಿದೆವು.

ಹಗಲು ಗೋಡೆಯನ್ನು ಎದುರಿನಿಂದ ನೋಡುತ್ತದೆ, ಮರ್ಯಾದೆಯಿಂದ.
ಈ ಬೆಳಕು ಕೆಳಗಿಂದ
ಮೈ ಸವರಿಕೊಂಡು ಏರುತ್ತದೆ, ಚಾಡಿಕೋರನ ಹಾಗೆ:
ಇಲ್ಲಿ ಉಬ್ಬಿದೆ, ಇಲ್ಲಿ ತಗ್ಗಿದೆ, ಇಲ್ಲಿ ಮೊಳೆ ಇತ್ತು.
ನಾಯಕನ ಹಣೆ ಅಲೆಯಲೆ.
ಕಡಲು ಬಂದಾಗ ಮಾತ್ರ ಲಾಯ್ಕಿತ್ತು,
ಯಾವ ಅಲೆ ಯಾರದೆಂದು ಯಾರಿಗೆ ಗೊತ್ತು?
"ಮಮ್ಮಿ, ಹೀರೋಗೆ ಸಿಡುಬು," ಅಂದಳು ಮೆಲಿಟಾ.

ಶೇಸಪ್ಪಣ್ಣನನ್ನು ಕರೆಸಿದೆವು.
ತೊಂಬತ್ತೆಂಟರಲ್ಲಿ ಈ ಮುರಕಲ್ಲಿಗೆ ಗಾರೆ ಹಾಕಿದ್ದು ಅವರೇ.
ರಸಮಟ್ಟ ತಂದಿದ್ದರು, ಚೀಲದಿಂದ ತೆಗೆಯಲಿಲ್ಲ.
ಕೂರಿ ಅಂದರೆ ಕೂರಲಿಲ್ಲ.
ಸಿನಿಮಾ ಹಾಕಿದೆವು; ಅವರು ಗೋಡೆ ನೋಡಿದರು.
ಹತ್ತಿರ ಹೋಗಿ ಅಂಗೈ ಊರಿದಾಗ
ನಾಯಕಿಯ ಹಸಿರು ಸೀರೆ
ಮೊಣಕೈವರೆಗೆ ಹರಿಯಿತು.
"ಈ ಬದಿ ಕೊರಗಪ್ಪ. ಎಡಗೈಯವ.
ಕರಣೆ ಎಳೆದದ್ದು ನೋಡಿ, ಉಲ್ಟಾ."
ಬೆರಳು ಜಾರುತ್ತ ಬಲಕ್ಕೆ ಬಂತು,
ಮಾರುದ್ದದ ಒಂದು ಗೆರೆಯ ಮೇಲೆ ನಿಂತಿತು.
"ಬಾಯಮ್ಮ, ಇಲ್ಲಿ ನಾನು ಊಟಕ್ಕೆ ಹೋದದ್ದು."

ಸಿನಿಮಾದಲ್ಲಿ ಯಾರೋ ಯಾರನ್ನೋ ಹೊಡೆಯುತ್ತಿದ್ದರು.

"ದೊಡ್ಡ ಬಾಯಮ್ಮ ಬಂಗುಡೆ ಗಸಿ ಮಾಡಿದ್ದರು.
ಎರಡು ಸಲ ಅನ್ನ ಹಾಕಿಸಿಕೊಂಡೆ.
ಬರುವಾಗ ಇದು ಒಣಗಿತ್ತು."

ಕೆರೆದು ಹೊಸದಾಗಿ ಎಳೆದರೆ ನಾಲ್ಕು ದಿನದ ಕೆಲಸ,
ಹನ್ನೊಂದು ಸಾವಿರ ಅಂದರು.
ನೋಡುವ, ಅಂದೆವು.
ಚಾ ಕುಡಿದು ಹೊರಟವರು
ಬಾಗಿಲಲ್ಲಿ ಒಮ್ಮೆ ಗೋಡೆಯ ಕಡೆ ತಿರುಗಿದರು,
ಏನೂ ಹೇಳಲಿಲ್ಲ.

ಎಂಟು ತಿಂಗಳಾಯಿತು, ಇನ್ನೂ ನೋಡುತ್ತಿದ್ದೇವೆ.
ಮೊನ್ನೆ ಒಂದು ಸಾಯುವ ದೃಶ್ಯ.
ಮುದುಕ ತಲೆ ಬಲಕ್ಕೆ ವಾಲಿಸಿ,
ಸರಿಯಾಗಿ ಆ ಗೆರೆಯ ಅಡಿಗೆ ಬಂದು
ಕಣ್ಣು ಮುಚ್ಚಿದ. ಪಿಟೀಲು ಶುರುವಾಯಿತು.
ನೊರ್ಬರ್ಟನ ಕೈ ಕರ್ಚೀಫಿಗೆ ಹೋಗುತ್ತಿತ್ತು,
ಅಷ್ಟರಲ್ಲಿ ಕತ್ತಲೆಯಿಂದ ಮೆಲಿಟಾ:
"ಊಟಕ್ಕೆ ಹೋದ."